ತಂಬೂರಿಯ ತಂತಿ ಬದಲಿಸುವಾಗ ಮೇರುವನ್ನೂ ನೋಡಿ

ತಂಬೂರಿಯನ್ನು ಶ್ರುತಿ ಮಾಡಿ ಹಾಡಲು ಕುಳಿತ ಹತ್ತು ನಿಮಿಷದಲ್ಲೇ ಪಂಚಮದ, ಅಂದರೆ 'ಪ' ಸ್ವರದ, ತಂತಿ ಇಳಿದರೆ ನಾವು ಸಾಮಾನ್ಯವಾಗಿ ತಂತಿಯನ್ನು ಸುತ್ತಿ ಬಿಗಿಯುವ ಬಿರಡೆ ಜಾರಿತೆಂದು ತಿಳಿಯುತ್ತೇವೆ. ಬದಿಯಡ್ಕದ ನಮ್ಮ ಮನೆಯಲ್ಲಿರುವ ಮೀರಜಿನ ತಂಬೂರಿಯ ಬಿರಡೆಗಳಿಗೆ ನಾನು ಎರಡು ಮಳೆಗಾಲ ಜಾರದಿರಲೆಂದು ಸೀಮೆಸುಣ್ಣ ಹಚ್ಚಿದೆ, ದೋಷವಿದ್ದದ್ದು ಮೇರುವಿನಲ್ಲಿ, ಅಂದರೆ ಬಿರಡೆಗಳ ಕೆಳಗೆ ತಂತಿಗಳು ಗೀರುಗಳಲ್ಲಿ ಹಾದುಹೋಗುವ ಅಡ್ಡಪಟ್ಟಿಯಲ್ಲಿ.

ಬಿರಡೆ ತಿರುಗಿಸಿದಾಗ ಮೊದಲು ಬಿಗಿಯಾಗುವುದು ಬಿರಡೆಗೂ ಮೇರುವಿಗೂ ನಡುವಿನ ತುಂಡು. ಮೇರುವಿನ ಗೀರಿನಲ್ಲಿ ತಂತಿ ಕಚ್ಚಿಕೊಂಡಿದ್ದರೆ ಆ ಬಿಗಿತ ನುಡಿಯುವ ಭಾಗಕ್ಕೆ ದಾಟದೆ ಅಲ್ಲೇ ಕೂಡುತ್ತಾ ಹೋಗಿ, ಕೊನೆಗೆ 'ಟಿಕ್' ಎಂಬ ಸಣ್ಣ ಸದ್ದಿನೊಡನೆ ಒಮ್ಮೆಲೇ ಜಾರಿ, ಸ್ವರ ಬೇಕಾದುದಕ್ಕಿಂತ ಮೇಲಕ್ಕೆ ಹಾರುತ್ತದೆ. ಅದನ್ನು ಇಳಿಸಲು ಬಿರಡೆ ಸಡಿಲಿಸಿದರೆ ಮೇರುವಿನ ಹಿಂದಿನ ತುಂಡು ಮಾತ್ರ ಸಡಿಲವಾಗಿ ಉಳಿಯುತ್ತದೆ. ಮೀಟುತ್ತಾ ಹೋದಂತೆ ಎರಡೂ ಕಡೆಯ ಬಿಗಿತ ಸಮವಾಗಿ ಶ್ರುತಿ ಇಳಿಯುತ್ತದೆ. ಆ 'ಟಿಕ್' ಕೇಳಿಸಿತೆಂದರೆ ಬಿರಡೆಯನ್ನು ಬಿಟ್ಟು ಮೇರುವನ್ನು ಪರೀಕ್ಷಿಸಬೇಕು.

ತಂತಿಗಳನ್ನು ಒಂದೊಂದಾಗಿ ಮಾತ್ರ ಬಿಚ್ಚಿರಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಬುರುಡೆಯ ಮೇಲೆ ತಂತಿಗಳನ್ನು ಹೊತ್ತಿರುವ ಕುದುರೆ ಜಾಗ ತಪ್ಪಬಹುದು. ಬಿಚ್ಚಿದ ಗೀರನ್ನು ಬೆಳಕಿಗೆ ಹಿಡಿದು ನೋಡಿದರೆ ಉಕ್ಕಿನ ತಂತಿ ವರ್ಷಗಟ್ಟಲೆ ಕೊರೆದ ಆಳವಾದ ಕಚ್ಚು ಕಾಣುತ್ತದೆ, ಕೆಲವೊಮ್ಮೆ ಅದರ ತಳದಲ್ಲಿ ತುಕ್ಕಿನ ಕಂದು ಪುಡಿಯೂ ಇರುತ್ತದೆ. ನಮ್ಮ ಕಾಸರಗೋಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಉಕ್ಕಿನ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿ ಅರದಂತೆ ಗೀರನ್ನು ಉಜ್ಜುತ್ತದೆ. ಹತ್ತಿಯ ದಾರಕ್ಕೆ ಸ್ವಲ್ಪ ಹಲ್ಲುಪುಡಿ ಹಚ್ಚಿ ಗೀರಿನಲ್ಲಿ ಹಿಂದೆ ಮುಂದೆ ಎಳೆದರೆ ತಳ ನುಣುಪಾಗುತ್ತದೆ. ಗೀರು ತಂತಿಗಿಂತ ಕೂದಲೆಳೆಯಷ್ಟು ಅಗಲವಾಗಿದ್ದು, ತಂತಿಯ ಅರ್ಧದಷ್ಟು ಮಾತ್ರ ಒಳಗೆ ಕೂರುವಂತಿದ್ದರೆ ಸಾಕು. ಅದಕ್ಕಿಂತ ಆಳವಾಗಿ ಕೊರೆದುಹೋಗಿದ್ದರೆ ಮೇರುವನ್ನು ಬದಲಿಸುವ ಕೆಲಸವನ್ನು ಕುಶಲಕರ್ಮಿಗೇ ಬಿಡುವುದು ಲೇಸು.

ಪುಡಿಯನ್ನು ಪೂರ್ತಿ ಒರೆಸಿದ ಬಳಿಕ ಮೆತ್ತನೆಯ 4ಬಿ ಪೆನ್ಸಿಲಿನ ಮೊನೆಯನ್ನು ಗೀರಿನಲ್ಲಿ ನಾಲ್ಕೈದು ಸಲ ಎಳೆಯಿರಿ. ಗ್ರಾಫೈಟ್ ಒಣ ಜಾರುಪುಡಿಯಾದ್ದರಿಂದ ಎಣ್ಣೆಯಂತೆ ಧೂಳನ್ನು ಹಿಡಿದು ಅಂಟಾಗುವುದಿಲ್ಲ. ಆದರೆ ಕುದುರೆಯ ಮೇಲ್ಮೈಗೆ ಇದನ್ನು ಎಂದಿಗೂ ಹಚ್ಚಬಾರದು: ತಂಬೂರಿಯ ನಾದ ಅರಳುವುದೇ ಆ ಇಳಿಜಾರಿನ ಮೇಲೆ, ಅಲ್ಲಿ ಶುಭ್ರವಾದ ಒಣಬಟ್ಟೆಯಲ್ಲದೆ ಬೇರೇನೂ ತಾಗಬಾರದು.

ತಂತಿ ಹೆಚ್ಚು ಬಾಗಿದಷ್ಟೂ ಘರ್ಷಣೆ ಬಹುಬೇಗ ಏರುವುದರಿಂದ, ಬಿರಡೆಗೆ ಸುತ್ತುವಾಗ ಸುತ್ತುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕದಲ್ಲಿ ಕೂತು, ತಂತಿ ತನ್ನ ಗೀರಿಗೆ ನೇರವಾಗಿ ಹೋಗುವಂತೆ ನೋಡಿಕೊಳ್ಳಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಏರಿಸಿ; ಏರಿದ್ದರೆ ಚೆನ್ನಾಗಿ ಇಳಿಸಿ ಮತ್ತೆ ಬನ್ನಿ. ಪ್ರತಿ ಸಲವೂ ಮೇರುವಿನ ಹಿಂದಿನ ತುಂಡನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿಬಿಟ್ಟರೆ ಬಿಗಿತ ಕೂಡಲೇ ಸಮವಾಗುತ್ತದೆ. ಕೊನೆಯ ಎಳೆಯಷ್ಟು ವ್ಯತ್ಯಾಸಕ್ಕೆ ಕುದುರೆಗೂ ಬುಡಕ್ಕೂ ನಡುವೆ ತಂತಿಗೆ ಪೋಣಿಸಿದ ಮಣಿಯಿದೆ, ಅದನ್ನು ಬುಡದ ಕಡೆಗೆ ಸರಿಸಿದರೆ ಸ್ವರ ಏರುತ್ತದೆ. ಎರಡೂ ಕಡೆಗೆ ಸರಿಸಲು ಜಾಗವಿರುವಂತೆ ಬಿರಡೆಯ ಕೆಲಸ ಮುಗಿಯುವವರೆಗೆ ಅದನ್ನು ನಡುವಿನಲ್ಲೇ ಇರಿಸಿಕೊಳ್ಳಿ.