ಒಂದೊಂದು ನಾಲಿಗೆಗೆ ಒಂದೊಂದು ಮಸಾಲೆ ಚಹಾ: ನನ್ನ ಅನುಭವ

ಎಲ್ಲರಿಗೂ ಹಿಡಿಸುವ ಒಂದೇ ಚಹಾ ಮಸಾಲೆ ಇರುತ್ತದೆ ಅಂತ ನಾನು ನಂಬುವುದಿಲ್ಲ. ಒಬ್ಬರಿಗೆ ಶುಂಠಿ ಗಂಟಲಲ್ಲಿ ಉರಿಯಬೇಕು, ಇನ್ನೊಬ್ಬರಿಗೆ ಶುಂಠಿ ಬಿದ್ದರೆ ಅದು ಚಹಾ ಅಲ್ಲ, ಕಷಾಯ. ಏಲಕ್ಕಿ ಇಲ್ಲದೆ ಚಹಾ ಇಳಿಯುವುದೇ ಇಲ್ಲ ಅನ್ನುವವರ ಪಕ್ಕದಲ್ಲೇ, ಏಲಕ್ಕಿ ಹಾಕಿದರೆ ಪಾಯಸ ಕುಡಿದ ಹಾಗಾಗುತ್ತದೆ ಅನ್ನುವವರೂ ಕೂತಿರುತ್ತಾರೆ. ನಮ್ಮ ಮನೆಯಲ್ಲಿ ಇವರೆಲ್ಲರೂ ಇದ್ದಾರೆ. ಯಜಮಾನರ ಕಡೆಯವರು ಧಾರವಾಡದವರು, ನನ್ನ ತವರು ಸಾಗರದ ಹತ್ತಿರ, ನಾವಿರುವುದು ಬೆಂಗಳೂರಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಗುಜರಾತಿನವರು, ಕೋಲ್ಕತ್ತದವರು, ಹೈದರಾಬಾದಿನವರು. ಭಾನುವಾರ ಸಂಜೆ ಎಲ್ಲರೂ ಸೇರುವುದು ನಮ್ಮಲ್ಲೇ. ಚಹಾ ಮಾಡುವ ಕೆಲಸ ನನ್ನದು, ಅದನ್ನು ಬೇರೆಯವರಿಗೆ ಬಿಟ್ಟುಕೊಡುವ ಮನಸ್ಸೂ ನನಗಿಲ್ಲ.

ಇಷ್ಟು ಜನಕ್ಕೆ ಒಂದೇ ದೊಡ್ಡ ಪಾತ್ರೆಯಲ್ಲಿ, ಎಲ್ಲ ಮಸಾಲೆಯನ್ನೂ ಸ್ವಲ್ಪ ಸ್ವಲ್ಪ ಹಾಕಿ ಕುದಿಸಿಬಿಡಬಹುದು. ಯಾರೂ ಬೇಡ ಅನ್ನುವುದಿಲ್ಲ. ಆದರೆ ಇನ್ನೊಂದು ಲೋಟ ಕೊಡಿ ಅಂತ ಯಾರೂ ಕೇಳುವುದೂ ಇಲ್ಲ. ನನಗೆ ಬೇಕಾಗಿದ್ದು ಎರಡನೇ ಲೋಟ ಕೇಳುವ ಚಹಾ. ಹಾಗಂತ ಹತ್ತು ಜನಕ್ಕೆ ಹತ್ತು ಪಾತ್ರೆ ಇಡುವುದಕ್ಕೂ ಆಗುವುದಿಲ್ಲ ಅಲ್ವಾ? ಅದಕ್ಕೆ ನಾನು ಹಿಡಿದ ದಾರಿ ಇದು: ಮಸಾಲೆ ಇಲ್ಲದ ಡಿಕಾಕ್ಷನ್ ಒಂದೇ ಮಾಡುತ್ತೇನೆ, ಅಲ್ಲಿಂದ ಮುಂದೆ ಎರಡು ದಾರಿ ಮಾಡುತ್ತೇನೆ. ಒಂದು ಶುಂಠಿಯದು, ಒಂದು ಏಲಕ್ಕಿಯದು. ಉಳಿದ ಸಣ್ಣಪುಟ್ಟ ವ್ಯತ್ಯಾಸವನ್ನೆಲ್ಲ ಲೋಟದಲ್ಲೇ ಸರಿ ಮಾಡುತ್ತೇನೆ.

ಮೊದಲು ಕೇಳಿ ತಿಳಿದುಕೊಳ್ಳಬೇಕು. ಚಹಾ ಹೇಗಿರಬೇಕು ಅಂತ ಸುಮ್ನೆ ಕೇಳಿದರೆ ಚೆನ್ನಾಗಿರಲಿ ಅಂತಾರೆ, ಅಷ್ಟೇ. ನಾನು ಬಿಡಿಸಿ ಕೇಳುತ್ತೇನೆ. ಗಂಟಲಿಗೆ ಖಾರ ತಾಗಬೇಕಾ? ಮೂಗಿಗೆ ಘಮ ಬರಬೇಕಾ? ನಾಲಿಗೆ ಮೇಲೆ ಒಗರು ಇರಬೇಕಾ, ಬೇಡವಾ? ಹಾಲು ಮುಂದೋ, ಪುಡಿ ಮುಂದೋ? ಇಷ್ಟು ಗೊತ್ತಾದರೆ ಸಾಕು. ನಮ್ಮ ಮಾವನವರಿಗೆ ಬೇಕಾಗಿದ್ದು ಒಗರು ಮತ್ತು ಸಕ್ಕರೆ, ಮಸಾಲೆ ಹೆಸರಿಗೆ ಮಾತ್ರ. ನಮ್ಮಮ್ಮನಿಗೆ ಖಾರ ಬೇಕು, ಪುಡಿ ಕಡಿಮೆ ಇದ್ದರೂ ನಡೆಯುತ್ತದೆ. ಇಬ್ಬರೂ ಕಡಕ್ ಆಗಿರಲಿ ಅಂತಲೇ ಹೇಳುವುದು, ಆದರೆ ಒಬ್ಬರ ಲೋಟವನ್ನು ಇನ್ನೊಬ್ಬರಿಗೆ ಕೊಟ್ಟರೆ ಅರ್ಧಕ್ಕೇ ಇಡುತ್ತಾರೆ.

ಚಹಾ ಪುಡಿ ವಿಷಯಕ್ಕೆ ಬಂದರೆ, ಮಸಾಲೆ ಚಹಾಕ್ಕೆ ಸಿಟಿಸಿ ಪುಡಿಯೇ ಸರಿ. ಸಣ್ಣ ಗುಂಡು ಗುಂಡು ಕಾಳಿನ ಹಾಗೆ ಇರುತ್ತದಲ್ಲ, ಅದು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಒಂದು ತೋಟದಲ್ಲಿ ವಿಲಿಯಂ ಮೆಕರ್ಚರ್ ಅನ್ನುವವರು ಎಲೆಯನ್ನು ಜಜ್ಜಿ, ಹರಿದು, ಸುರುಟುವ (ಕ್ರಶ್, ಟಿಯರ್, ಕರ್ಲ್, ಅದೇ ಸಿಟಿಸಿ) ಯಂತ್ರ ಮಾಡಿದರು. ಇವತ್ತು ನಮ್ಮ ದೇಶದಲ್ಲಿ ತಯಾರಾಗುವ ಚಹಾದಲ್ಲಿ ಹೆಚ್ಚಿನ ಪಾಲು ಇದೇ. ಬೇಗ ಬಣ್ಣ ಬಿಡುತ್ತದೆ, ಹಾಲು ಎಷ್ಟು ಹಾಕಿದರೂ ಕಳೆದುಹೋಗುವುದಿಲ್ಲ, ಲವಂಗ ಮೆಣಸಿನ ಜೊತೆಗೂ ತನ್ನ ರುಚಿ ಉಳಿಸಿಕೊಳ್ಳುತ್ತದೆ. ಡಾರ್ಜಿಲಿಂಗ್ ಎಲೆ ತಂದು ಹಾಲು, ಶುಂಠಿ ಹಾಕಿ ಕುದಿಸಿದರೆ ದುಡ್ಡೂ ದಂಡ, ಎಲೆಯ ಘಮವೂ ದಂಡ. ನಾನು ಅಸ್ಸಾಂ ಪುಡಿ ಮೂರು ಭಾಗ, ನೀಲಗಿರಿ ಪುಡಿ ಒಂದು ಭಾಗ ಬೆರೆಸಿ ಡಬ್ಬಿಯಲ್ಲಿಟ್ಟುಕೊಳ್ಳುತ್ತೇನೆ. ಅಸ್ಸಾಮಿನದು ಬಣ್ಣ, ದಪ್ಪ ರುಚಿ ಕೊಡುತ್ತದೆ. ನೀಲಗಿರಿಯದು ಘಮ ಕೊಡುತ್ತದೆ. ನಾಲ್ಕು ಲೋಟಕ್ಕೆ ಎರಡು ಲೋಟ ನೀರು, ಎರಡು ಲೋಟ ಹಾಲು, ನಾಲ್ಕು ಟೀ ಚಮಚ ಪುಡಿ, ಇದು ನನ್ನ ಲೆಕ್ಕ. ತೀರಾ ನುಣ್ಣಗಿನ ಡಸ್ಟ್ ಪುಡಿ ಆದರೆ ಮೂರೇ ಚಮಚ ಸಾಕು.

ಒಗರು ಜಾಸ್ತಿ ಬೇಕು ಅನ್ನುವವರಿಗೆ ಪುಡಿ ಜಾಸ್ತಿ ಹಾಕಿ, ಕುದಿಸುವ ಹೊತ್ತು ಜಾಸ್ತಿ ಮಾಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಪುಡಿ ಹಾಕಿದ ಮೇಲೆ ಎರಡು ಮೂರು ನಿಮಿಷದಲ್ಲಿ ಬಣ್ಣ, ರುಚಿ ಎಲ್ಲ ಬಂದಿರುತ್ತದೆ. ಆಮೇಲೂ ಕುದಿಸುತ್ತಾ ಹೋದರೆ ಟ್ಯಾನಿನ್ ಜಾಸ್ತಿ ಬಿಟ್ಟು ನಾಲಿಗೆ ಎಳೆದುಕೊಳ್ಳುತ್ತದೆ, ಘಮ ಹಾರಿಹೋಗುತ್ತದೆ. ಹಾಲು ಸೇರಿಸಿದಾಗ ಹಾಲಿನ ಪ್ರೋಟೀನು ಸ್ವಲ್ಪ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಹಾಲು ಬಿದ್ದ ಚಹಾ ಮೆತ್ತಗಾಗುವುದು. ಆದರೆ ಅತಿಯಾಗಿ ಕುದಿಸಿದ ಕಹಿಯನ್ನು ಹಾಲಾಗಲಿ ಸಕ್ಕರೆಯಾಗಲಿ ಪೂರ್ತಿ ಮುಚ್ಚುವುದಿಲ್ಲ. ಒಂದು ವೇಳೆ ಕಹಿಯಾಗಿಬಿಟ್ಟರೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಎಷ್ಟೋ ಕಡಿಮೆಯಾಗುತ್ತದೆ.

ಈಗ ಶುಂಠಿಯ ಪಾತ್ರೆ. ಶುಂಠಿಯನ್ನು ನಾನು ತುರಿಯುವುದಿಲ್ಲ, ಕುಟ್ಟಾಣಿಯಲ್ಲಿ ಜಜ್ಜುತ್ತೇನೆ. ನಾರು ಬಿಡಿ ಬಿಡಿಯಾಗಿ, ರಸ ಕುಟ್ಟಾಣಿಯ ತಳಕ್ಕೆ ಇಳಿಯುವಷ್ಟು. ಬಲಿತ, ನಾರಿರುವ ಶುಂಠಿಯೇ ಬೇಕು, ಎಳೆ ಶುಂಠಿಯಲ್ಲಿ ಖಾರ ಕಡಿಮೆ. ನಾಲ್ಕು ಲೋಟಕ್ಕೆ ಒಂದು ಇಂಚಿನ ತುಂಡು. ಇದನ್ನು ಮೊದಲು ಬರೀ ನೀರಿಗೆ ಹಾಕಿ ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಬೇಕು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ, ಹಸಿ ಶುಂಠಿಯನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಒಡೆಯುವುದು ಅದರಿಂದಲೇ. ನೀರಲ್ಲಿ ಕುದ್ದರೆ ಆ ಕಿಣ್ವ ಸತ್ತುಹೋಗುತ್ತದೆ, ಆಮೇಲೆ ಎಷ್ಟು ಹಾಲು ಸುರಿದರೂ ಭಯ ಇಲ್ಲ. ಶುಂಠಿ ನೀರು ತಿಳಿ ಹಳದಿಗೆ ತಿರುಗಿ, ಆವಿ ಮೂಗಿಗೆ ಚುರ್ ಅಂದಾಗ ಇದಕ್ಕೆ ಡಿಕಾಕ್ಷನ್ ಸೇರಿಸಿ ಹಾಲು ಹಾಕುತ್ತೇನೆ. ನೊರೆ ಪಾತ್ರೆಯ ಕಂಠದವರೆಗೆ ಏರಿದಾಗ ಉರಿ ಇಳಿಸುವುದು, ಕುಸಿದ ಮೇಲೆ ಮತ್ತೆ ಏರಿಸುವುದು, ಹೀಗೆ ಎರಡು ಮೂರು ಸಲ. ಹಾಲು, ಡಿಕಾಕ್ಷನ್ ಎರಡೂ ಬೆರೆತು ಒಂದೇ ರುಚಿಯಾಗುವುದು ಈ ಏರಿಳಿತದಲ್ಲೇ.

ಅಮ್ಮನ ಲೋಟಕ್ಕೆ ಇಷ್ಟೂ ಸಾಲುವುದಿಲ್ಲ. ಮಲೆನಾಡಿನವರಿಗೆ ಕಷಾಯದ ಅಭ್ಯಾಸ, ಗಂಟಲಲ್ಲಿ ಮೆಣಸು ನಿಲ್ಲಬೇಕು. ಅವರಿಗೆ ಒಣಶುಂಠಿ ಮತ್ತು ಕಾಳುಮೆಣಸಿನ ಪುಡಿ ಬೇರೆಯಾಗಿ ಇಟ್ಟಿದ್ದೇನೆ. ಶುಂಠಿ ಒಣಗಿದಾಗ ಅದರ ಖಾರದ ಅಂಶವೇ ಬದಲಾಗಿ ಹಸಿಯದಕ್ಕಿಂತ ತೀಕ್ಷ್ಣವಾಗುತ್ತದೆ, ಹಾಗಾಗಿ ಒಂದು ಚಿಟಿಕೆ ಲೋಟಕ್ಕೆ ಹಾಕಿ ಕಲಕಿದರೂ ಗೊತ್ತಾಗುತ್ತದೆ. ಮೆಣಸಿನ ಖಾರ ತಡವಾಗಿ ಬರುತ್ತದೆ, ನುಂಗಿದ ಮೇಲೆ. ಮೊದಲ ಗುಟುಕಿಗೇ ಸಾಲದು ಅಂತ ಇನ್ನೂ ಹಾಕಿಕೊಳ್ಳಲು ಹೋದರೆ ತಡೆಯಿರಿ.

ಏಲಕ್ಕಿ ಪಾತ್ರೆಯ ಕ್ರಮವೇ ಬೇರೆ. ಏಲಕ್ಕಿಯ ಘಮ ಇರುವುದು ಬೇಗ ಆವಿಯಾಗುವ ಎಣ್ಣೆಯಲ್ಲಿ. ನೀರಿನ ಜೊತೆ ಮೊದಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಏನೂ ಇಲ್ಲ. ಹಾಲು ಕುದಿ ಬಂದ ಮೇಲೆ, ಸಿಪ್ಪೆ ಸಮೇತ ಜಜ್ಜಿದ ನಾಲ್ಕು ಏಲಕ್ಕಿ ಹಾಕಿ, ಒಂದೇ ಸಲ ಉಕ್ಕಿಸಿ, ಒಲೆ ಆರಿಸಿ ಎರಡು ನಿಮಿಷ ಮುಚ್ಚಿಡುತ್ತೇನೆ. ಮುಚ್ಚಳ ಮುಖ್ಯ. ಹಸಿರು ಬಣ್ಣ ಇರುವ, ಒಳಗಿನ ಬೀಜ ಕಪ್ಪಾಗಿ ಅಂಟಂಟಾಗಿರುವ ಏಲಕ್ಕಿ ಆರಿಸಿ. ಸಕಲೇಶಪುರ, ಕೊಡಗು, ಶಿರಸಿ ಕಡೆಯಿಂದ ಯಾರಾದರೂ ಬರುವವರಿದ್ದರೆ ನಾನು ಹೇಳಿ ತರಿಸಿಕೊಳ್ಳುತ್ತೇನೆ, ಪುಡಿ ಮಾಡಿದ್ದನ್ನು ಮಾತ್ರ ಕೊಳ್ಳುವುದೇ ಇಲ್ಲ.

ಬೆಳಗಾವಿ ಕಡೆಯ ನೆಂಟರು ಬಂದರೆ ಈ ಪಾತ್ರೆಯೇ ಮೊದಲು ಖಾಲಿ. ಪುಣೆಯ ಅಮೃತತುಲ್ಯ ಚಹಾದ ರುಚಿ ಕಂಡವರು, ಹಾಲು, ಸಕ್ಕರೆ, ಏಲಕ್ಕಿ ಮೂರೂ ಮುಂದಿರಬೇಕು. ಅವರ ಪಾಲಿಗೆ ಚೂರೇ ಚೂರು ಜಾಯಿಕಾಯಿ ತೇಯ್ದು ಹಾಕುತ್ತೇನೆ. ಧಾರವಾಡದವರಿಗೆ ಗಿರ್ಮಿಟ್ ಮಿರ್ಚಿ ಜೊತೆಗೆ ಕುಡಿಯುವ ಚಹಾ, ಅದರಲ್ಲಿ ಮಸಾಲೆ ಜಾಸ್ತಿ ಇದ್ದರೆ ಎರಡು ಖಾರ ಜಗಳಕ್ಕೆ ಬೀಳುತ್ತವೆ. ಗಿರ್ಮಿಟ್ ಮಾಡಿದ ದಿನ ಶುಂಠಿ ಅರ್ಧಕ್ಕೆ ಇಳಿಸಿ ಸಕ್ಕರೆ ಏರಿಸುತ್ತೇನೆ. ತಿಂಡಿ ನೋಡಿ ಮಸಾಲೆ ಹಾಕುವುದು ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಗುಜರಾತಿ ನೆರೆಯವರಿಂದ ಕಲಿತಿದ್ದು ಮಜ್ಜಿಗೆ ಹುಲ್ಲು ಮತ್ತು ಪುದೀನ. ಎರಡೂ ಕುಂಡದಲ್ಲಿ ಬೆಳೆಯುತ್ತವೆ. ಮಜ್ಜಿಗೆ ಹುಲ್ಲಿನ ಎರಡು ಎಲೆ ಕತ್ತರಿಸಿ ಗಂಟು ಹಾಕಿ ಶುಂಠಿ ನೀರಿಗೆ ಬಿಟ್ಟರೆ ಚಹಾಕ್ಕೆ ನಿಂಬೆಯ ಘಮ ಬರುತ್ತದೆ, ನಿಂಬೆಯ ಹುಳಿ ಇಲ್ಲ, ಹಾಗಾಗಿ ಹಾಲು ಒಡೆಯುವುದಿಲ್ಲ. ಅವರ ಮನೆಯ ಮಸಾಲೆ ಪುಡಿಯಲ್ಲಿ ಹಿಪ್ಪಲಿ ಬೇರು ಇರುತ್ತದೆ, ಚಳಿಗಾಲಕ್ಕೆ ಒಳ್ಳೆಯದು. ಹೈದರಾಬಾದಿನವರು ನೇರ ಎದುರು: ಇರಾನಿ ಚಹಾ ಕುಡಿದು ಬೆಳೆದವರಿಗೆ ಮಸಾಲೆಯೇ ಬೇಡ. ಹಾಲನ್ನು ಬೇರೆಯಾಗಿ ಬತ್ತಿಸಿ, ದಮ್ ಕೊಟ್ಟ ಡಿಕಾಕ್ಷನ್‌ಗೆ ಲೋಟದಲ್ಲೇ ಬೆರೆಸಬೇಕು. ನನ್ನ ಡಿಕಾಕ್ಷನ್ ಮಸಾಲೆ ಇಲ್ಲದ್ದಾಗಿರುವುದರಿಂದ ಅವರಿಗೆ ಬೇರೆ ಒಲೆ ಬೇಕಾಗುವುದಿಲ್ಲ. ಕಾಫಿ ಕುಡಿಯುವ ಮೈಸೂರಿನ ಗೆಳತಿಗೂ ಇದೇ ಹಿಡಿಸುತ್ತದೆ, ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ ಕೊಟ್ಟರೆ ಅವಳಿಗೆ ತನ್ನದೇ ಪದ್ಧತಿ ಅನ್ನಿಸುತ್ತದೆ. ಕೋಲ್ಕತ್ತದವರು ಒಂದೊಂದು ಸಲ ಹಾಲೇ ಬೇಡ ಅಂತಾರೆ. ಆಗ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ನಿಂಬೆರಸ, ಕಪ್ಪು ಉಪ್ಪು ಹಾಕಿ ಕೊಟ್ಟರೆ ಮುಗಿಯಿತು.

ಎಲ್ಲರಿಗೂ ಆಗಲಿ ಅಂತ ಒಂದು ಪುಡಿಯನ್ನೂ ಮಾಡಿಟ್ಟಿದ್ದೇನೆ, ಅವಸರದ ದಿನಕ್ಕೆ. ಒಣಶುಂಠಿ ಎರಡು ಭಾಗ, ಏಲಕ್ಕಿ ಎರಡು ಭಾಗ, ಕಾಳುಮೆಣಸು ಒಂದು, ಚಕ್ಕೆ ಒಂದು, ಲವಂಗ ಅರ್ಧ ಭಾಗಕ್ಕಿಂತ ಕಡಿಮೆ. ಲವಂಗದಲ್ಲಿ ಧಾರಾಳ ಬೇಡ. ಅದರ ಯೂಜೆನಾಲ್ ಹಲ್ಲುನೋವಿಗೆ ಮರಗಟ್ಟಿಸಲು ಬಳಸುವ ವಸ್ತು, ಜಾಸ್ತಿಯಾದರೆ ನಾಲಿಗೆಯೂ ಮರಗಟ್ಟಿ ಬೇರೆ ಯಾವ ಮಸಾಲೆಯೂ ಗೊತ್ತಾಗುವುದಿಲ್ಲ. ಹುರಿಯುವುದು ಬೇಡ, ಬಿಸಿಲಿಗಿಟ್ಟು ಪುಡಿ ಮಾಡಿದರೆ ಸಾಕು. ಒಂದು ತಿಂಗಳಿಗೆ ಆಗುವಷ್ಟೇ ಮಾಡಿಕೊಳ್ಳಿ.

ಹಾಲಿಗೂ ಮಸಾಲೆಗೂ ಸಂಬಂಧ ಇದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ 6. ಮಸಾಲೆಯ ಎಣ್ಣೆ ಕೊಬ್ಬಿನಲ್ಲಿ ಕರಗಿಕೊಳ್ಳುತ್ತದೆ, ಹಾಗಾಗಿ ಗಟ್ಟಿ ಹಾಲಿನಲ್ಲಿ ಅಷ್ಟೇ ಶುಂಠಿ, ಅಷ್ಟೇ ಮೆಣಸು ಮೆತ್ತಗೆ ಅನ್ನಿಸುತ್ತದೆ. ಹಾಲು ಬದಲಾದ ದಿನ ಮಸಾಲೆಯನ್ನೂ ಸ್ವಲ್ಪ ಏರಿಸಬೇಕು.

ಸಕ್ಕರೆ ಪಾತ್ರೆಗೆ ಹಾಕುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ, ಲೋಟಕ್ಕೆ ಬೇರೆ ಬೇರೆ. ಬೆಲ್ಲ ಕೇಳುವವರಿಗೆ ಚಹಾ ಒಲೆಯಿಂದ ಇಳಿಸಿದ ಮೇಲೆ, ಲೋಟದ ತಳಕ್ಕೆ ಬೆಲ್ಲದ ಪುಡಿ ಹಾಕಿ ಮೇಲಿಂದ ಚಹಾ ಸುರಿಯುವುದು. ಬೆಲ್ಲದಲ್ಲಿ ಹುಳಿ ಅಂಶ ಇರುತ್ತದೆ, ಹಳೆಯದಾದಷ್ಟೂ ಜಾಸ್ತಿ, ಕುದಿಯುವ ಹಾಲಿಗೆ ಬಿದ್ದರೆ ಒಡೆಯುತ್ತದೆ. ಸಿಹಿಯೇ ಬೇಡದ ಸಕ್ಕರೆ ಕಾಯಿಲೆಯವರಿಗೆ ಚಹಾ ಸಪ್ಪೆ ಆಗಬಾರದು ಅನ್ನುವುದು ನನಗೆ ತುಂಬಾ ಮುಖ್ಯ. ಅವರ ಪಾಲಿಗೆ ಅರ್ಧ ಚಮಚ ಸೋಂಪು, ಒಂದು ಚೂರು ಚಕ್ಕೆ ಜಜ್ಜಿ ಹಾಕುತ್ತೇನೆ, ಶುಂಠಿ ಕಡಿಮೆ. ಸೋಂಪಿಗೆ ತನ್ನದೇ ಒಂದು ತೆಳು ಸಿಹಿ ಇದೆ. ಜೇಷ್ಠಮಧು ಇನ್ನೂ ಸಿಹಿ, ಆದರೆ ದಿನಾ ಕುಡಿದರೆ ರಕ್ತದೊತ್ತಡ ಏರಿಸುತ್ತದೆ, ಬಿಪಿ ಇರುವವರ ಲೋಟಕ್ಕೆ ನಾನು ಹಾಕುವುದಿಲ್ಲ. ಊಟದ ಜೊತೆಗೇ ಚಹಾ ಕೇಳುವವರಿಗೂ ಒಂದು ಗಂಟೆ ತಡೆಯಿರಿ ಅಂತೀನಿ, ಚಹಾದ ಟ್ಯಾನಿನ್ ಊಟದ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ರಾತ್ರಿ ಎಂಟರ ಮೇಲೆ ಬಂದವರಿಗೆ ಚಹಾ ಪುಡಿ ಹಾಕುವುದಿಲ್ಲ, ನಿದ್ದೆ ಕೆಡುತ್ತದೆ. ಶುಂಠಿ ನೀರು ಹೇಗೂ ಉಳಿದಿರುತ್ತದೆ. ಅದಕ್ಕೆ ಅಮ್ಮ ಕಳಿಸುವ ಕಷಾಯ ಪುಡಿ, ಅಂದರೆ ಹುರಿದ ಕೊತ್ತಂಬರಿ ನಾಲ್ಕು ಭಾಗ, ಜೀರಿಗೆ ಎರಡು, ಮೆಣಸು ಒಂದು, ಚೂರು ಮೆಂತ್ಯ, ಒಂದು ಚಮಚ ಹಾಕಿ ಕುದಿಸಿ, ಹಾಲು ಸೇರಿಸಿ, ಕೆಳಗಿಳಿಸಿ ಬೆಲ್ಲ ಹಾಕಿ ಕೊಡುತ್ತೇನೆ. ಗುಜರಾತಿನ ಅಜ್ಜಿ ಈಗ ಆ ಪುಡಿಯನ್ನು ತಮ್ಮ ಮನೆಗೂ ಒಯ್ಯುತ್ತಾರೆ, ಅದಕ್ಕೆ ಹಿಪ್ಪಲಿ ಬೇರನ್ನೂ ಸೇರಿಸಿಕೊಂಡಿದ್ದಾರಂತೆ. ಮುಂದಿನ ಸಲ ನಾನೂ ಹಾಗೇ ಮಾಡಿ ನೋಡುತ್ತೇನೆ.