ಸಾವಾದ ಮನೆಯ ಸಿನಿಮಾ: ಹನ್ನೊಂದನೇ ದಿನದ ನಂತರ

ಮಂಡ್ಯ ಸೀಮೆಯಲ್ಲಿ ಸಾವಿನ ಕಥೆ ತೆಗೆಯುವವರಿಗೆ ಹೆಣದ ಮುಂದಿನ ಗೋಳಾಟದಿಂದಲೇ ಶುರು ಮಾಡುವ ಚಪಲ. ನಾವು ಹನ್ನೊಂದನೇ ದಿನದ ತಿಥಿ ಮುಗಿದು, ನೆಂಟರು ಬಸ್ಸು ಹತ್ತಿದ ಮೇಲೆ ಕಥೆ ಹಿಡಿದೆವು. ಅಲ್ಲಿವರೆಗೆ ಆ ಮನೆಯನ್ನು ಊರೇ ನಡೆಸುತ್ತಿರುತ್ತದೆ, ಸಾರು ಕೂಡ ಪಕ್ಕದ ಮನೆಯಿಂದ ಬರುತ್ತದೆ. ಕಥೆಯನ್ನು ಎಳೆದದ್ದು ಪೌತಿ ಖಾತೆ, ಅಂದರೆ ಸತ್ತವರ ಜಮೀನಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದಕ್ಕೆ ಮೊದಲು ಮರಣ ಪ್ರಮಾಣಪತ್ರ ಬೇಕು, ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ತಿಥಿ ಕಳೆದರೆ ಉಳಿಯುವುದು ಹತ್ತೇ ದಿನ, ಮೊದಲರ್ಧವೆಲ್ಲ ಅದರೊಳಗೆ. ‘ಪಾಣಿಲಿ ಅಪ್ಪನ ಹೆಸ್ರು ತೆಗುಸ್ಬೇಕಲ್ಲವ್ವ’ ಅಂತ ಮಗ ಹೇಳುವ ಮಾತು ಸಿಕ್ಕಿದ ಮೇಲೆ, ಬರೆದಿಟ್ಟಿದ್ದ ಅಳುವ ದೃಶ್ಯಗಳನ್ನು ಕಿತ್ತುಹಾಕಿದೆವು.

ಅಡುಗೆಕೋಣೆ 8 ಅಡಿಗೆ 10 ಅಡಿ. ಉಣ್ಣುವವರು ನೆಲದ ಮೇಲೆ ಕೂತಿರುವಾಗ ಕ್ಯಾಮೆರಾ ಎರಡೂವರೆ ಅಡಿಗಿಂತ ಮೇಲೆ ಹೋದರೆ ಬರೀ ನೆತ್ತಿ ಕಾಣುತ್ತದೆ. ಟ್ಯೂಬ್‌ಲೈಟನ್ನು ಹಾಗೇ ಬಿಟ್ಟೆವು. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 24 ಫ್ರೇಮು ತೆಗೆಯುವಾಗ ಶಟರ್ 1/48 ಸೆಕೆಂಡಿನ ಬದಲು 1/50 ಇಟ್ಟರೆ ಆ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ.

ಲೈಟಿಗಿಂತ ಮುದ್ದೆಯ ಕಾಟವೇ ಹೆಚ್ಚು. ಹಬೆ ನಿಂತು ಮೇಲೆ ಸಿಪ್ಪೆ ಕಟ್ಟಿತೆಂದರೆ ಎಡಿಟಿಂಗಿನಲ್ಲಿ ಒಂದು ಶಾಟಿಗೊಂದು ಶಾಟು ಕೂಡುವುದಿಲ್ಲ. ಟೇಕಿಗೊಂದು ಬಿಸಿ ಮುದ್ದೆಯಂತೆ ಹಿತ್ತಲಲ್ಲಿ ಒಲೆ ಉರಿಯುತ್ತಲೇ ಇರಬೇಕು. ಉಣ್ಣುವ ಕ್ಲೋಸಪ್ ಮೊದಲು ಮುಗಿಸಿ, ವೈಡ್ ಆಮೇಲೆ. ತಿರುಗಿಸಿದರೆ ಕ್ಲೋಸಪ್ಪಿನ ಹೊತ್ತಿಗೆ ನಟರ ಹೊಟ್ಟೆ ತುಂಬಿರುತ್ತದೆ. ಹೊಟ್ಟೆ ತುಂಬಿ ತುತ್ತು ಇಳಿಯದ ಮುಖ ದುಃಖದ ಮುಖದಂತೆ ಕಾಣುವುದಿಲ್ಲ, ಎಷ್ಟೇ ಚೆನ್ನಾಗಿ ನಟಿಸಲಿ.

ಶಬ್ದವೆಲ್ಲ ಸ್ಥಳದಲ್ಲೇ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವ ಹೊತ್ತು ಕೇಳಿಕೊಂಡು, ಅದನ್ನು ಬಿಟ್ಟು ಶೂಟಿಂಗಿಗೆ ವೇಳೆ ಗೊತ್ತು ಮಾಡಬೇಕು. ಫ್ರಿಜ್ ಆರಿಸಿದರೆ ಗಾಡಿ ಕೀಲಿಯನ್ನು ಅದರೊಳಗೇ ಇಡಿ, ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ಗಂಜಿ ಹಾಕಿದ ಹೊಸ ಸೀರೆ, ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕಿನಲ್ಲಿ ಸರಬರ ಅನ್ನುತ್ತದೆ, ಎರಡು ಸಲ ಒಗೆದು ಉಡಿಸಿ. ಯಾರೂ ಮಾತಾಡದಿರುವಾಗ ಪ್ರತಿ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟಿರಿ, ಜೋಡಿಸುವಾಗ ಬೇಕಾಗುತ್ತದೆ.

ಗಂಡ ಬದುಕಿದ್ದಾಗಿನದು ಒಂದೇ ದೃಶ್ಯ: ಬಚ್ಚಲ ಕಲ್ಲಿನ ಮೇಲೆ ಹೆಂಡತಿ ಪಾತ್ರೆ ಬೆಳಗುವುದು. ಬಳೆ ಸದ್ದಿಗೆಂದೇ ಕೋಲಿಗೆ ಕಟ್ಟಿದ ಬೂಮ್ ಮೈಕನ್ನು ಕೈ ಹತ್ತಿರ ಹಿಡಿದೆವು. ತಿಥಿಯ ನಂತರ ಅದೇ ಜಾಗ, ಅದೇ ಅಳತೆ. ತೆಂಗಿನ ನಾರು ಸ್ಟೀಲು ಉಜ್ಜುವ ಸದ್ದು ಮಾತ್ರ. ಖಾಲಿ ಅನ್ನಿಸೀತೆಂದು ಮೊದಲ ಎಡಿಟಿನಲ್ಲಿ ಕೊಳಲು ಹಾಕಿದ್ದೆವು. ಅದನ್ನೂ ತೆಗೆದೆವು.