ತುಕ್ಕು ಉಜ್ಜುವ ಮೊದಲು ಅಕ್ಷರ ಓದಿ: ಹಳೇ ಸ್ಪ್ಯಾನರ್ ಗುರುತು ಹಿಡಿಯುವುದು ಹೇಗೆ?

ಹಳೇ ಸ್ಪ್ಯಾನರ್ ಸಿಕ್ಕಿದ ಕೂಡಲೇ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಫಳಫಳ ಅನ್ನುವ ಹಾಗೆ ಉಜ್ಜುವವರೇ ಜಾಸ್ತಿ. ದಯವಿಟ್ಟು ಬೇಡ. ಯಾರು ಮಾಡಿದ್ದು, ಯಾವ ಕಾಲದ್ದು, ಯಾವ ಬೋಲ್ಟಿಗೆ ಅಂತ ಹೇಳುವ ಅಕ್ಷರಗಳಿಗೆ ಆಳವೇ ಇರುವುದಿಲ್ಲ. ಒಮ್ಮೆ ಸವೆದರೆ ಮುಗಿಯಿತು. ಗುರುತು ಹಿಡಿಯುವುದು ಮೊದಲು, ಕ್ಲೀನ್ ಮಾಡುವುದು ಆಮೇಲೆ.

ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸ್ ಒರೆಸಿ. ಮೂಲೆಗಳಿಗೆ ಹಳೇ ಟೂತ್‌ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೆ ಹಿಡಿಯ ಮೇಲೆ ಸೀಮೆಸುಣ್ಣ ಉಜ್ಜಿ, ಬೆರಳಿನಿಂದ ಮೆಲ್ಲಗೆ ಒರೆಸಿ. ಪುಡಿ ತಗ್ಗಿನಲ್ಲಿ ಉಳಿದು ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಆಗಲೂ ಕಾಣದಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಬರೀ ತುಕ್ಕಿದ್ದ ಜಾಗದಲ್ಲಿ ನೆರಳು ಬಿದ್ದು ಹೆಸರು ಮೂಡುತ್ತದೆ. ಎರಡೂ ಬದಿಯ ಫೋಟೊ ತೆಗೆದಿಡಿ.

ಇನ್ನು ಅಳತೆ. ಇಲ್ಲೇ ಜನ ಜಾಸ್ತಿ ಗಲಿಬಿಲಿಯಾಗುವುದು. ಸ್ಪ್ಯಾನರ್ ಮೇಲೆ ‘1/4 ಡಬ್ಲ್ಯು’ ಅಂತಿದೆ, ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದರೆ ನಟ್ಟು ಹಿಡಿಯುವ ಬಾಯಿ ಸುಮಾರು 13.3 ಮಿ.ಮೀ. ಬರುತ್ತದೆ. ಕಾಲು ಇಂಚು ಅಂದರೆ 6.35 ಮಿ.ಮೀ. ಅಲ್ವಾ? ತಪ್ಪು ಸ್ಪ್ಯಾನರಿನದಲ್ಲ. ಅದು ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ ಪದ್ಧತಿಯ ಬೋಲ್ಟಿಗೆ ಹೊಂದುವ ಸ್ಪ್ಯಾನರ್. ಅದರ ಮೇಲಿನ ಅಂಕಿ ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. ಪಕ್ಕದಲ್ಲೇ ‘5/16 ಬಿಎಸ್’ ಅಂತಲೂ ಇರಬಹುದು. ಅದು ಗೆರೆಗಳು ಒತ್ತೊತ್ತಾಗಿರುವ ಇನ್ನೊಂದು ಬ್ರಿಟಿಷ್ ಥ್ರೆಡ್ಡಿನ ಗುರುತು. ಆ ಬೋಲ್ಟಿಗೂ ಅದೇ ಬಾಯಿ ಸರಿಹೋಗುತ್ತದೆ. ‘ಎಎಫ್’ ಅಂತಿದ್ದರೆ ಮಾತ್ರ ಅಂಕಿ ಬಾಯಿಯ ಅಗಲವನ್ನೇ ಇಂಚಿನಲ್ಲಿ ಹೇಳುತ್ತದೆ. ಅಳೆದದ್ದನ್ನೂ ಅಚ್ಚಾದದ್ದನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ.

ಕಾಲ ಹಿಡಿಯಲು ಪೇಟೆಂಟ್ ನಂಬರ್ ಒಳ್ಳೆಯ ದಾರಿ. ಅಮೆರಿಕದ ಪೇಟೆಂಟ್ ಸಂಖ್ಯೆ 10 ಲಕ್ಷ ಮುಟ್ಟಿದ್ದು 1911ರಲ್ಲಿ, 20 ಲಕ್ಷ ಮುಟ್ಟಿದ್ದು 1935ರಲ್ಲಿ. ಹಾಗಾಗಿ 15 ಲಕ್ಷದ ಆಸುಪಾಸಿನ ನಂಬರು ಇವೆರಡರ ನಡುವೆ ಬರುತ್ತದೆ. ಆದರೆ ಪೇಟೆಂಟ್ ಸಿಕ್ಕ ಮೇಲೆ ಅದೇ ಮಾದರಿ ವರ್ಷಗಟ್ಟಲೆ ತಯಾರಾಗುತ್ತಿತ್ತು. ಹಾಗಾಗಿ ಸ್ಪ್ಯಾನರ್ ಯಾವ ವರ್ಷದ ನಂತರದ್ದು ಅಂತಷ್ಟೇ ಆ ನಂಬರಿನಿಂದ ತಿಳಿಯುತ್ತದೆ. ‘ವೆಸ್ಟ್ ಜರ್ಮನಿ’ ಅಂತಿದ್ದರೆ ಅದು ಎರಡು ಜರ್ಮನಿಗಳಿದ್ದ 1949–1990ರ ಕಾಲದ್ದು. ಅಗಲ ತಲೆಯ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತಿನದು. ಪಕ್ಕದಲ್ಲಿ ಇಸವಿಯೂ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಅಮೆರಿಕದ ಸ್ನ್ಯಾಪ್-ಆನ್ ಕಂಪನಿ ವರ್ಷಕ್ಕೊಂದು ಸಣ್ಣ ಗುರುತು ಒತ್ತುತ್ತಿತ್ತು. ಭೂತಗನ್ನಡಿ ಇಲ್ಲದೆ ಕಾಣುವುದು ಕಷ್ಟ.

ಹೆಸರೇ ಇಲ್ಲದಿದ್ದರೆ ಅಂಚು ನೋಡಿ. ಬಿಸಿ ಉಕ್ಕನ್ನು ಅಚ್ಚಿನಲ್ಲಿ ಬಡಿದು ಮಾಡಿದ್ದಾದರೆ, ಹೊರಚಾಚಿದ ಲೋಹ ಕತ್ತರಿಸಿದ ಅಗಲವಾದ ಪಟ್ಟಿ ಕಾಣುತ್ತದೆ. ಎರಕದ್ದಾದರೆ ಸಣ್ಣ ಗೆರೆ, ಮೈ ಮರಳು ಮರಳು. ಎರಕದ ಕಬ್ಬಿಣದ್ದನ್ನು ಸುತ್ತಿಗೆಯಿಂದ ಹೊಡೆದು ಪರೀಕ್ಷೆ ಮಾಡಬೇಡಿ, ಮುರಿಯುತ್ತದೆ.

ಈಗ ತುಕ್ಕು ತೆಗೆಯಬಹುದು. ಎಣ್ಣೆ ಹಚ್ಚಿ, ತೀರಾ ನಯವಾದ ಸ್ಟೀಲ್ ವೂಲ್‌ನಿಂದ (ಉಕ್ಕಿನ ತೆಳ್ಳನೆ ನಾರಿನಿಂದ) ಉಜ್ಜಿದರೆ ಬಹಳಷ್ಟಕ್ಕೆ ಸಾಕು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಕ್ರೋಮ್ ಸಿಗದೆ ಕೆಲವು ಕಂಪನಿಗಳು ಸ್ಪ್ಯಾನರಿಗೆ ಕ್ಯಾಡ್ಮಿಯಂ ಎಂಬ ಲೋಹ ಲೇಪಿಸಿದವು. ಮೈ ಮಂಕಾದ ಬೂದುಬಣ್ಣದ್ದಾಗಿದ್ದರೆ ಉಜ್ಜಲೇಬೇಡಿ, ಆಸಿಡ್ಡಿಗೂ ಹಾಕಬೇಡಿ. ಕ್ಯಾಡ್ಮಿಯಂ ಪುಡಿ ಉಸಿರಿನಲ್ಲಿ ಹೋದರೆ ವಿಷ. ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವವರು ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಪ್ಲಸ್ ಕಡೆಗೆ ಕಟ್ಟಬಾರದು. ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ.

ಹಿಡಿಯ ಮೇಲೆ ಹಳೇ ಮೆಕ್ಯಾನಿಕ್ ಪಂಚ್‌ನಿಂದ ಕುಟ್ಟಿದ ತನ್ನ ಹೆಸರಿನ ಎರಡಕ್ಷರ ಇದ್ದರೆ ಅದನ್ನು ಹಾಗೇ ಬಿಡಿ. ಇಕ್ಕಟ್ಟಿನ ನಟ್ಟಿಗೆಂದು ಬಗ್ಗಿಸಿದ ಸ್ಪ್ಯಾನರನ್ನು ನೇರ ಮಾಡಲೂ ಹೋಗಬೇಡಿ. ಮಾರುವವರು ಇಂಥವನ್ನು ಊನ ಅನ್ನುತ್ತಾರೆ, ನನಗೆ ಅವೇ ಹೆಚ್ಚು ಇಷ್ಟ. ಕೊನೆಗೆ ತೆಳ್ಳಗೆ ಎಣ್ಣೆ ಸವರಿ, ಅಳತೆ, ಗುರುತು, ಸಿಕ್ಕಿದ ಜಾಗ ಬರೆದ ಚೀಟಿಯನ್ನು ದಾರದಿಂದ ಕಟ್ಟಿಡಿ.